ಊರು ಬಿಟ್ಟ ದಿನ ಯಾವುದು?

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯ ಒಣಬೇಸಾಯದ ಊರುಗಳಲ್ಲಿ ಮನೆಗೆ ಬೀಗ ಹಾಕಿ ದುಡಿಯಲು ಹೋಗುವುದಕ್ಕೆ ಗುಳೆ ಎನ್ನುತ್ತಾರೆ. ಮಳೆ ಕೈಕೊಟ್ಟ ವರ್ಷ ಬೆಂಗಳೂರು, ಮಂಗಳೂರು, ಗೋವಾದ ದಾರಿ. ಬಿತ್ತನೆಗೋ ಗವಿಮಠದ ಜಾತ್ರೆಗೋ ಮತ್ತೆ ಊರು. ಎಷ್ಟು ತಿಂಗಳು ಹೊರಗಿದ್ದರೂ ಗುಳೆ ಹೋದವನನ್ನು ಊರು ತನ್ನವರ ಲೆಕ್ಕದಿಂದ ತೆಗೆಯುವುದಿಲ್ಲ. ಪಹಣಿ, ಪಡಿತರ ಚೀಟಿ, ಮನೆದೇವರು ಎಲ್ಲವೂ ಇಲ್ಲೇ ಇರುತ್ತವೆ.

ಅದೇ ಜಿಲ್ಲೆಯಿಂದ ದುಬೈಗೋ ಡಲ್ಲಾಸ್‌ಗೋ ಹೋದವನಿಗೆ ಸರ್ಕಾರ ಬೇರೆ ಹೆಸರಿಟ್ಟಿದೆ: ಅನಿವಾಸಿ. ಗಂಗಾವತಿಯ ನೀರಾವರಿ ಮನೆಯಿಂದ ಎಂಜಿನಿಯರಿಂಗ್ ಓದಿ ಹೈದರಾಬಾದು, ಬೆಂಗಳೂರು ಹಾದು ಅಮೆರಿಕ ಸೇರಿದವನಿಗೂ, ಕೊಲ್ಲಿಯಲ್ಲಿ ವಾಹನ ಓಡಿಸುವವನಿಗೂ ಈ ಹೆಸರು ಒಂದೇ. ಹೆಸರು ಬಂದ ಮೇಲೆ ಅವನ ಸಂಬಳ, ಗದ್ದೆ, ಬಾಡಿಗೆ ಮನೆ, ಬ್ಯಾಂಕ್ ಖಾತೆ ಎಲ್ಲದರ ತೆರಿಗೆಯೂ ಬದಲಾಗುತ್ತದೆ. ಹಾಗಾದರೆ ಅವನು ಅನಿವಾಸಿಯಾದದ್ದು ಯಾವತ್ತು? ವಿಮಾನ ಹತ್ತಿದ ದಿನವೇ, ವರ್ಷದಲ್ಲಿ ಇಲ್ಲಿ ಕಳೆದ ದಿನಗಳು ಒಂದು ಅಂಕಿಗಿಂತ ಕೆಳಗಿಳಿದಾಗಲೇ, ಅಥವಾ ಮತ್ತೊಂದು ದೇಶ ಅವನನ್ನು ತನ್ನ ತೆರಿಗೆದಾರ ಎಂದು ಒಪ್ಪಿದಾಗಲೇ? ಆದಾಯ ತೆರಿಗೆ ಕಾನೂನು, ವಿದೇಶಿ ವಿನಿಮಯ ಕಾನೂನು, ದೇಶದೇಶಗಳ ನಡುವಿನ ಒಪ್ಪಂದ ಮೂರೂ ಬೇರೆ ಬೇರೆ ಉತ್ತರ ಕೊಡುತ್ತವೆ. ‘ತೆರಿಗೆ ಯೋಜನೆ’ ಎಂದು ಮಾರಾಟವಾಗುವ ಸಲಹೆಗಳಲ್ಲಿ ಬಹುಪಾಲು ಈ ಮೂರು ಉತ್ತರಗಳ ನಡುವಿನ ಸಂದಿಯಲ್ಲೇ ಹುಟ್ಟಿದವು.

ಹೊಳೆ ದಾಟಿದರೆ ಪರದೇಶ

ಈ ಸೀಮೆಯವರಿಗೆ ಪರದೇಶ ಒಂದು ಕಾಲಕ್ಕೆ ತೀರ ಹತ್ತಿರವಿತ್ತು. 1948ರವರೆಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ತುಂಗಭದ್ರೆಯ ಆಚೆ ದಂಡೆಯ ಹೊಸಪೇಟೆ ಬ್ರಿಟಿಷರ ಮದ್ರಾಸ್ ಪ್ರಾಂತ್ಯ. ಈಚೆ ನಿಜಾಮರ ಹಾಲಿ ಸಿಕ್ಕಾ ನಾಣ್ಯ ನಡೆಯುತ್ತಿತ್ತು, ಆಚೆ ಬ್ರಿಟಿಷರ ಕಲ್ದಾರ ರೂಪಾಯಿ. ನಡುವೆ ಸರಕಿಗೆ ಕರೋಡಗಿರಿಯ ಸುಂಕ. 1922ರ ಆದಾಯ ತೆರಿಗೆ ಕಾಯ್ದೆಯ ಕಣ್ಣಿಗೆ ದೇಶೀಯ ಸಂಸ್ಥಾನಗಳು ಬ್ರಿಟಿಷ್ ಇಂಡಿಯಾದ ಹೊರಗಿನವು. ಸಂಸ್ಥಾನದಲ್ಲಿ ಹುಟ್ಟಿದ ಆದಾಯವನ್ನು ಆಚೆ ತಂದರೆ ಒಂದು ಲೆಕ್ಕ, ಇಲ್ಲೇ ಬಿಟ್ಟರೆ ಇನ್ನೊಂದು. ಮುನಿರಾಬಾದಿನ ವ್ಯಾಪಾರಿ ಹೊಳೆ ದಾಟಿ ಹೊಸಪೇಟೆಯಲ್ಲಿ ಅಂಗಡಿ ಇಟ್ಟರೆ, ಇವತ್ತು ದುಬೈಯಲ್ಲಿ ಅಂಗಡಿ ಇಟ್ಟವನಿಗೆ ಬರುವ ಪ್ರಶ್ನೆಯೇ ಅವನಿಗೂ ಬರುತ್ತಿತ್ತು. ಭಾರತದ ಆದಾಯ ತೆರಿಗೆ ಕಾನೂನು ಈ ಭಾಗಕ್ಕೆ ವಿಸ್ತರಿಸಿದ್ದು 1950ರ ಏಪ್ರಿಲ್ 1ರಂದು.

‘ನಿವಾಸಿ’ಯ ಇಂದಿನ ಅಚ್ಚು ಮೂಡಿದ್ದು 1939ರ ತಿದ್ದುಪಡಿಯಲ್ಲಿ. ವರ್ಷಕ್ಕೆ 182 ದಿನ ಇದ್ದವನು ನಿವಾಸಿ ಎಂದು ಅದು ಹೇಳಿತು. ಜೊತೆಗೆ ಇನ್ನೊಂದು ಗುರುತನ್ನೂ ಇಟ್ಟಿತು. ಇಲ್ಲಿ ತನಗಾಗಿ ಮನೆ ಇಟ್ಟುಕೊಂಡಿದ್ದರೆ ಸಾಕು, ಕೆಲವೇ ದಿನ ಬಂದುಹೋದರೂ ಅವನು ನಿವಾಸಿಯೇ. 1961ರ ಕಾಯ್ದೆಯೂ ಈ ಗುರುತನ್ನು ಉಳಿಸಿಕೊಂಡಿತು: 182 ದಿನ ಮನೆ ಇಟ್ಟಿರಬೇಕು, 30 ದಿನವಾದರೂ ಬಂದಿರಬೇಕು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಕೊಲ್ಲಿಗೆ ಹೋದವನು ರಜೆಗೆಂದು ಒಂದು ತಿಂಗಳು ಬಂದರೆ ಅವನ ಕೊಲ್ಲಿಯ ಸಂಬಳವೂ ಇಲ್ಲಿನ ಲೆಕ್ಕಕ್ಕೆ ಬೀಳುತ್ತಿತ್ತು. 1982ರ ಹಣಕಾಸು ಕಾಯ್ದೆ ಈ ನಿಯಮವನ್ನು ತೆಗೆದುಹಾಕಿತು. ಕೊಲ್ಲಿಯ ದುಡ್ಡಿನ ಮೇಲೆ ದೇಶ ಕಣ್ಣಿಟ್ಟ ಕಾಲ ಅದು. ಮರುವರ್ಷವೇ ಅನಿವಾಸಿಗಳ ಹೂಡಿಕೆಗೆ ಪ್ರತ್ಯೇಕ ಅಧ್ಯಾಯ ಬಂತು. ನನ್ನ ಮಟ್ಟಿಗೆ ಈ ಇಡೀ ಇತಿಹಾಸದ ದೊಡ್ಡ ತಿರುವು ಇದೇ. ಒಲೆ ಎಲ್ಲಿ ಉರಿಯುತ್ತದೆ ಎಂದು ಕೇಳುತ್ತಿದ್ದ ಕಾನೂನು ಅಂದಿನಿಂದ ಪಾಸ್‌ಪೋರ್ಟಿನ ಮುದ್ರೆ ಎಣಿಸತೊಡಗಿತು.

ದಿನ ಎಣಿಸುವವರು

ಈಗಿನ ಭಾರತೀಯ ಕಾನೂನಿನ ಮೊದಲ ನಂಬಿಕೆ ದಿನಗಣನೆ. ಹಣಕಾಸು ವರ್ಷದಲ್ಲಿ 182 ದಿನ ಇದ್ದರೆ ನಿವಾಸಿ. 60 ದಿನ ಇದ್ದು, ಹಿಂದಿನ 4 ವರ್ಷಗಳಲ್ಲಿ ಒಟ್ಟು 365 ದಿನ ಇದ್ದರೂ ನಿವಾಸಿ. ಆದರೆ ಉದ್ಯೋಗಕ್ಕೆಂದು ದೇಶ ಬಿಡುವ ಭಾರತೀಯ ಪ್ರಜೆಗೆ ಆ 60ರ ಜಾಗದಲ್ಲಿ 182 ಓದಬೇಕು. ವಿದೇಶದಲ್ಲಿದ್ದು ಊರಿಗೆ ಬಂದುಹೋಗುವವರಿಗೂ ಹಾಗೆಯೇ. ಇಲ್ಲಿನ ಆದಾಯ 15 ಲಕ್ಷ ಮೀರಿದರೆ ಮಾತ್ರ 2020ರ ತಿದ್ದುಪಡಿಯ ಪ್ರಕಾರ 120.

ಏಪ್ರಿಲ್ 1ರಿಂದ ಬೆರಳು ಮಡಚುತ್ತ ಬಂದರೆ ಸೆಪ್ಟೆಂಬರ್ 28ಕ್ಕೆ 181 ದಿನ. ಲೆಕ್ಕಪರಿಶೋಧಕರು “ಸೆಪ್ಟೆಂಬರ್ 28ರ ಒಳಗ ವಿಮಾನ ಹತ್ತಪಾ” ಎನ್ನುವುದು ಇದಕ್ಕೇ. ಅಕ್ಟೋಬರ್ 10ಕ್ಕೆ ಮಸ್ಕತ್‌ಗೆ ಹೊರಟವನು 193 ದಿನ ಇಲ್ಲಿದ್ದಂತಾಯಿತು. ಆ ವರ್ಷಕ್ಕೆ ಅವನು ನಿವಾಸಿ, ಮಾರ್ಚ್‌ವರೆಗಿನ ಮಸ್ಕತ್ ಸಂಬಳವೂ ಭಾರತದ ತೆರಿಗೆ ಲೆಕ್ಕದಲ್ಲಿ. ವೀಸಾ 12 ದಿನ ತಡವಾಗಿ ಕೈಸೇರಿದ್ದಕ್ಕೆ ತೆತ್ತ ಬೆಲೆ ಅದು. ಓದಲು ಹೋಗುವ ಮಕ್ಕಳ ಪಾಡು ಬೇರೆ. ಓದು ಉದ್ಯೋಗವಲ್ಲ, ಹಾಗಾಗಿ 182ರ ಸಡಿಲಿಕೆ ಅವರಿಗಿಲ್ಲ. ಆಗಸ್ಟ್ 15ಕ್ಕೆ ಹೊರಟ ವಿದ್ಯಾರ್ಥಿ ಅಷ್ಟರೊಳಗೆ 137 ದಿನ ಇಲ್ಲಿ ಕಳೆದಿರುತ್ತಾನೆ, ಮೊದಲ ವರ್ಷ ನಿವಾಸಿಯಾಗಿಯೇ ಉಳಿಯುತ್ತಾನೆ.

ದಿನಗಣನೆಯ ಪರ ಇರುವ ವಾದ ಸರಳ. ಯಾರ ಮನಸ್ಸಿನೊಳಗೂ ಇಣುಕಬೇಕಿಲ್ಲ, ಅಧಿಕಾರಿಯ ಮರ್ಜಿಗೆ ಎಡೆಯಿಲ್ಲ. ಆದರೆ ಎಣಿಕೆಯಲ್ಲೇ ಜಗಳ ಇದೆ. ಬಂದಿಳಿದ ದಿನ, ಹೊರಟ ದಿನ ಎರಡೂ ಸೇರಬೇಕೇ? ಮುಂಗಡ ತೀರ್ಪು ಪ್ರಾಧಿಕಾರ 1990ರ ದಶಕದಲ್ಲಿ ಎರಡನ್ನೂ ಸೇರಿಸಿತು. ಬೆಂಗಳೂರಿನ ಮೇಲ್ಮನವಿ ನ್ಯಾಯಮಂಡಳಿ 2009ರಲ್ಲಿ ಅಮೆರಿಕದಿಂದ ಮರಳಿದ ಒಬ್ಬ ಎಂಜಿನಿಯರರ ಪ್ರಕರಣದಲ್ಲಿ ಬಂದಿಳಿದ ದಿನವನ್ನು ಬಿಟ್ಟಿತು. ಹೊರಗಿದ್ದಾಗ ರಜೆಗೆ ಬಂದುಹೋದ ದಿನಗಳನ್ನು ಖಾಯಂ ಮರಳಿದ ಮೇಲಿನ ದಿನಗಳಿಗೆ ಕೂಡಿಸಿ 60ರ ಗಡಿ ಹಿಡಿಯಬಾರದೆಂದಿತು. ಕರ್ನಾಟಕ ಹೈಕೋರ್ಟ್ 2011ರಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷ ಕೇರಳ ಹೈಕೋರ್ಟ್ ‘ಉದ್ಯೋಗ’ ಎಂದರೆ ನೌಕರಿಯಷ್ಟೇ ಅಲ್ಲ, ಸ್ವಂತ ವ್ಯಾಪಾರವೂ ಹೌದು ಎಂದಿತು. ಅಂಗಡಿ ಇಡಲು ಹೋಗುವವರಿಗೆ ಇದು ದೊಡ್ಡ ಆಸರೆ.

ಕೊರೋನಾ ಬಂದಾಗ ಈ ಗಣಿತ ಮಂಡಿಯೂರಿತು. 2020ರ ಮಾರ್ಚ್ 22ರಿಂದ 31ರವರೆಗೆ ಸಿಕ್ಕಿಬಿದ್ದವರ ದಿನಗಳನ್ನು ನೇರ ತೆರಿಗೆ ಮಂಡಳಿ ಸುತ್ತೋಲೆ ಹೊರಡಿಸಿ ಬಿಟ್ಟುಕೊಟ್ಟಿತು. ಮುಂದಿನ ಇಡೀ ವರ್ಷಕ್ಕೆ ಅಂಥ ಸಾರಾಸಗಟು ರಿಯಾಯಿತಿ ಕೊಡಲಿಲ್ಲ. ಎರಡೆರಡು ತೆರಿಗೆ ಬಿದ್ದವರು ಅರ್ಜಿ ಹಾಕಿ ಎಂದಿತು.

ಆದಾಯ ಹುಟ್ಟಿದ ನೆಲ ನೋಡುವವರು

ಎರಡನೆಯ ಪಂಥಕ್ಕೆ ಮನುಷ್ಯ ಎಲ್ಲಿದ್ದಾನೆ ಎಂಬುದು ಮುಖ್ಯವಲ್ಲ; ಹಣ ಎಲ್ಲಿ ಹುಟ್ಟಿತು ಎಂಬುದೇ ಮುಖ್ಯ. ಅನಿವಾಸಿಗೆ ಭಾರತ ತೆರಿಗೆ ಹಾಕುವುದು ಈ ತತ್ತ್ವದ ಮೇಲೆ: ಇಲ್ಲಿ ಹುಟ್ಟಿದ್ದಕ್ಕೆ, ಇಲ್ಲಿ ಪಡೆದದ್ದಕ್ಕೆ ಮಾತ್ರ. ಕೊಪ್ಪಳದ ಬಾಡಿಗೆ ಮನೆ, ಗಂಗಾವತಿಯ ರೈಸ್‌ಮಿಲ್ಲಿನ ಲಾಭ, ಇಲ್ಲಿನ ಆದಾಯ ಬೀಳುವ ಎನ್‌ಆರ್‌ಓ ಖಾತೆಯ ಬಡ್ಡಿ ಎಲ್ಲವೂ ಇದರೊಳಗೆ. ಎನ್‌ಆರ್‌ಓ ಬಡ್ಡಿಯಲ್ಲಿ ಬ್ಯಾಂಕು 30 ಶೇಕಡಾ ಮತ್ತು ಸೆಸ್ ಹಿಡಿದೇ ಕೊಡುತ್ತದೆ. ಹೊರಗಿನ ಸಂಪಾದನೆ ತಂದು ಹಾಕುವ ಎನ್‌ಆರ್‌ಇ ಖಾತೆಯ ಬಡ್ಡಿಗೆ ತೆರಿಗೆಯಿಲ್ಲ. ಅನಿವಾಸಿಯ ಮನೆಯಲ್ಲಿ ಬಾಡಿಗೆಗಿರುವವನೂ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಇದು ತಿಳಿದ ಬಾಡಿಗೆದಾರರು ನಮ್ಮ ಕಡೆ ಎಷ್ಟು ಮಂದಿ ಇದ್ದಾರೋ!

ಕೊಪ್ಪಳ ಜಿಲ್ಲೆಯ ಮಟ್ಟಿಗೆ ನಿಜವಾದ ತಿರುಳು ನೆಲದಲ್ಲಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಗಂಗಾವತಿ, ಕಾರಟಗಿ ಸೀಮೆ ಭತ್ತದ ಕಣಜವಾಯಿತು. ಆಂಧ್ರದಿಂದ ಬಂದವರ ಕ್ಯಾಂಪುಗಳು ಎದ್ದವು. ಸೋನಾ ಮಸೂರಿ ಊರೂರಿಗೆ ಹೋಯಿತು. ಆ ದುಡ್ಡಿನಲ್ಲಿ ಓದಿ ಹೊರದೇಶ ಸೇರಿದವರ ಹೆಸರಲ್ಲಿ ಗದ್ದೆ ಉಳಿದಿದೆ. ಭಾರತದ ನೆಲದ ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ. ಅದು ಸಂವಿಧಾನದ ರಾಜ್ಯ ಪಟ್ಟಿಯ ವಿಷಯ. ಮಾಲೀಕ ಕ್ಯಾಲಿಫೋರ್ನಿಯಾದಲ್ಲಿದ್ದರೂ ವಿನಾಯಿತಿ ನಿಲ್ಲುತ್ತದೆ. ಬೇರೆ ಆದಾಯ ತೆರಿಗೆಯ ಮಟ್ಟ ಮುಟ್ಟಿದಾಗ ದರ ನಿಗದಿಗಷ್ಟೇ ಕೃಷಿ ಆದಾಯವನ್ನು ಕೂಡಿಸುತ್ತಾರೆ, ಕೆ.ಎನ್. ರಾಜ್ ಸಮಿತಿಯ ಶಿಫಾರಸಿನ ಮೇಲೆ 1973ರಲ್ಲಿ ಬಂದ ಕ್ರಮ ಅದು. ಇನ್ನೂ ಸ್ವಾರಸ್ಯವೆಂದರೆ, 2020ರಲ್ಲಿ ತಂದ 15 ಲಕ್ಷದ ಗಡಿ ‘ಒಟ್ಟು ಆದಾಯ’ಕ್ಕೆ ಅನ್ವಯಿಸುವಂಥದ್ದು. ವಿನಾಯಿತಿ ಇರುವ ಭತ್ತದ ಹಣ ಕಾನೂನಿನ ಪದಗಳ ಪ್ರಕಾರ ಅದರಲ್ಲಿ ಸೇರುವುದೇ ಇಲ್ಲ. ಮಿಲ್ಲಿನಿಂದ 20 ಲಕ್ಷ ಬರುವವನು 120 ದಿನದ ಕಟ್ಟಿಗೆ ಸಿಗುತ್ತಾನೆ, ಗದ್ದೆಯಿಂದ 20 ಲಕ್ಷ ಬರುವವನು ಸಿಗುವುದಿಲ್ಲ.

ಆದರೆ ವಿನಾಯಿತಿ ಕೇಳುವವನು ದಾಖಲೆ ತೋರಿಸಬೇಕು. ಇಲ್ಲಿ ರಾಜ್ಯದ ಕಾನೂನು ಅಡ್ಡ ಬರುತ್ತದೆ. ಊರಲ್ಲಿಲ್ಲದವನು ಹೊಲವನ್ನು ಲಾವಣಿಗೋ ಪಾಲಿಗೋ ಹಾಕುತ್ತಾನೆ. ಭೂಸುಧಾರಣಾ ಕಾಯ್ದೆ 1974ರಿಂದ ಸೈನಿಕರು, ನಾವಿಕರಂಥವರನ್ನು ಬಿಟ್ಟು ಉಳಿದವರಿಗೆ ಗೇಣಿ ಕೊಡುವುದನ್ನು ನಿಷೇಧಿಸಿದೆ. ಹೀಗಾಗಿ ಲಾವಣಿ ಎಂದರೆ ಬಾಯಿಮಾತು, ಬಹಳವಾದರೆ ಒಂದು ಬಿಳಿ ಹಾಳೆ. ಭತ್ತ ಮಾರಿದ ದಲಾಲಿ ಅಂಗಡಿಯ ಪಟ್ಟಿ ಲಾವಣಿ ಮಾಡಿದವನ ಹೆಸರಲ್ಲಿ, ಹಣ ಬಂದ ಖಾತೆ ಅಪ್ಪನ ಹೆಸರಲ್ಲಿ, ಪಹಣಿ ಅಮೆರಿಕದ ಮಗನ ಹೆಸರಲ್ಲಿ. ಅಧಿಕಾರಿ ಒಂದು ದಿನ “ಈ ಹಣ ಕೃಷಿಯದೆಂಬುದಕ್ಕೆ ಏನು ಸಾಕ್ಷಿ?” ಎಂದು ಕೇಳಿದರೆ ಮೂರು ಕಾಗದಗಳೂ ಮೂರು ದಿಕ್ಕು ನೋಡುತ್ತವೆ.

ಗದ್ದೆ ಮಾರುವಾಗ ನಕ್ಷೆ ಹಿಡಿಯಬೇಕು. ಗ್ರಾಮೀಣ ಕೃಷಿಭೂಮಿ ಕಾನೂನಿಗೆ ಬಂಡವಾಳ ಆಸ್ತಿಯೇ ಅಲ್ಲ, ಮಾರಿದ ಲಾಭಕ್ಕೆ ತೆರಿಗೆಯಿಲ್ಲ. ಯಾವುದು ಗ್ರಾಮೀಣ? ಜನಸಂಖ್ಯೆ 10 ಸಾವಿರ ಮೀರಿ 1 ಲಕ್ಷದೊಳಗಿರುವ ಪಟ್ಟಣದ ಎಲ್ಲೆಯಿಂದ 2 ಕಿಲೋಮೀಟರ್, 1 ಲಕ್ಷ ಮೀರಿ 10 ಲಕ್ಷದೊಳಗಿದ್ದರೆ 6 ಕಿಲೋಮೀಟರ್, ಅದಕ್ಕೂ ದೊಡ್ಡದಾದರೆ 8 ಕಿಲೋಮೀಟರ್ ಆಚೆ ಇರಬೇಕು. ಅದೂ ಹಕ್ಕಿ ಹಾರುವ ಹಾದಿಯಲ್ಲಿ ಅಳೆದಂತೆ. 2011ರ ಜನಗಣತಿಯಲ್ಲಿ ಗಂಗಾವತಿ ಲಕ್ಷ ದಾಟಿತ್ತು, ಕೊಪ್ಪಳ 70 ಸಾವಿರದ ಆಸುಪಾಸಿನಲ್ಲಿತ್ತು. ಹಾಗಾಗಿ ಗಂಗಾವತಿ ನಗರಸಭೆಯ ಎಲ್ಲೆಯಿಂದ 5 ಕಿಲೋಮೀಟರ್ ದೂರದ ಗದ್ದೆ ಮಾರಿದರೆ ತೆರಿಗೆ ಇದೆ. ಕೊಪ್ಪಳದ ಎಲ್ಲೆಯಿಂದ ಅಷ್ಟೇ ದೂರದ ಹೊಲಕ್ಕೆ, ಹತ್ತಿರ ಬೇರೆ ಪಟ್ಟಣವಿಲ್ಲದಿದ್ದರೆ, ಇಲ್ಲ. ಎನ್‌ಎ (ಕೃಷಿಯೇತರ) ಮಾಡಿಸಿ ಪ್ಲಾಟು ಹಾಕಿದ ನೆಲಕ್ಕೆ ಈ ರಕ್ಷಣೆ ಎಲ್ಲೂ ಸಿಗದು.

ಪ್ಲಾಟು ಮಾರುವ ಅನಿವಾಸಿಗೆ ಅಣ್ಣತಮ್ಮಂದಿರ ನಡುವೆಯೂ ಪಂಕ್ತಿಭೇದ. ನಿವಾಸಿ ಅಣ್ಣ 50 ಲಕ್ಷ ಅಥವಾ ಅದಕ್ಕೂ ಮೇಲಿನ ಬೆಲೆಗೆ ಮಾರಿದರೆ ಖರೀದಿದಾರ ಹಿಡಿಯುವುದು 1 ಶೇಕಡಾ. ಅನಿವಾಸಿ ತಮ್ಮನಾದರೆ ದೀರ್ಘಾವಧಿ ಲಾಭದ ದರ 12.5 ಶೇಕಡಾ, ಮೇಲೆ ಸೆಸ್. ಲಾಭ ಎಷ್ಟೆಂದು ಖರೀದಿದಾರನಿಗೆ ತಿಳಿಯದ ಕಾರಣ ಇಡೀ ಬೆಲೆಯ ಮೇಲೆ ಹಿಡಿಯುವುದೇ ರೂಢಿ. ಕಡಿಮೆ ಕಡಿತದ ಪ್ರಮಾಣಪತ್ರವನ್ನು ಮುಂಚೆಯೇ ತರಿಸಿಕೊಳ್ಳದಿದ್ದರೆ ಹಣ ವರ್ಷಗಟ್ಟಲೆ ಸರ್ಕಾರದ ಬಳಿ. 2024ರ ಜುಲೈ 23ಕ್ಕೆ ಮೊದಲು ಕೊಂಡ ಆಸ್ತಿಗೆ ಹಳೆಯ ಬೆಲೆಯನ್ನು ಏರಿಸಿಕೊಂಡು 20 ಶೇಕಡಾ ದರದಲ್ಲಿ ಲೆಕ್ಕ ಹಾಕುವ ಆಯ್ಕೆ ನಿವಾಸಿಗೆ ಉಳಿದಿದೆ, ಅನಿವಾಸಿಗೆ ಇಲ್ಲ. ಬೇರೆ ಆದಾಯವೇ ಇಲ್ಲದ ನಿವಾಸಿ ಮೂಲ ವಿನಾಯಿತಿಯ ಮಿತಿಯನ್ನು ಈ ಲಾಭಕ್ಕೆ ಹೊಂದಿಸಿಕೊಳ್ಳಬಹುದು. ಅನಿವಾಸಿಗೆ ಆ ದಾರಿಯೂ ಮುಚ್ಚಿದೆ. 12 ಲಕ್ಷದವರೆಗೆ ತೆರಿಗೆಯಿಲ್ಲ ಎಂದು ಎಲ್ಲರ ಬಾಯಲ್ಲಿರುವ ರಿಯಾಯಿತಿಯೂ ನಿವಾಸಿಗಳದ್ದೇ.

ಪೌರತ್ವ ಹಿಡಿಯುವವರು

ಮೂರನೆಯ ಪಂಥ ಕೇಳುವುದು ಋಣದ ಪ್ರಶ್ನೆ: ನೀನು ಯಾರವನು? 1970ರ ದಶಕದಲ್ಲಿ ಅರ್ಥಶಾಸ್ತ್ರಜ್ಞ ಜಗದೀಶ್ ಭಗವತಿ, ಬಡ ದೇಶದ ಖರ್ಚಿನಲ್ಲಿ ಓದಿ ಶ್ರೀಮಂತ ದೇಶಕ್ಕೆ ಹೋದವರ ಸಂಪಾದನೆಯ ಮೇಲೆ ತೆರಿಗೆ ಬೇಕೆಂದು ವಾದಿಸಿದರು. ಎರಿಟ್ರಿಯಾ ಹೊರಗಿನ ತನ್ನವರಿಂದ 2 ಶೇಕಡಾ ಕೇಳುತ್ತದೆ. ಅಮೆರಿಕವಂತೂ ತನ್ನ ಪ್ರಜೆ ಎಲ್ಲಿದ್ದರೂ ಬಿಡುವುದಿಲ್ಲ. ಅಲ್ಲಿ ಪೌರತ್ವ ಪಡೆದು ಊರಿಗೆ ಮರಳಿದವರಿಗೆ ಇದು ಬಿಸಿತುಪ್ಪ: ಹೊರಗಿನ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಮ್ಮೆ 10,000 ಡಾಲರ್ ಮೀರಿದರೂ ಆ ವರ್ಷಕ್ಕೆ ವರದಿ ಮಾಡಬೇಕು. ಅಜ್ಜಿ ಮೊಮ್ಮಗಳ ಹೆಸರು ಸೇರಿಸಿ ಇಟ್ಟ ಠೇವಣಿಯೂ ಆ ವರದಿಯೊಳಗೆ ಬರಬಹುದು.

ಭಾರತ ಈ ಹಾದಿಯಲ್ಲಿ ಅರ್ಧ ಹೆಜ್ಜೆ ಇಟ್ಟಿದ್ದು 2020ರ ಬಜೆಟ್‌ನಲ್ಲಿ. ಬೇರೆಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಯನ್ನು ನಿವಾಸಿ ಎಂದೇ ಪರಿಗಣಿಸುವುದಾಗಿ ಮಸೂದೆ ಹೇಳಿತು. ಕೊಲ್ಲಿಯಲ್ಲಿ ಸಂಬಳಕ್ಕೆ ತೆರಿಗೆಯೇ ಇಲ್ಲವಲ್ಲ! ಕೇರಳದಲ್ಲಿ ಗದ್ದಲವೆದ್ದಿತು. ಫೆಬ್ರವರಿ 2ರಂದೇ ಸರ್ಕಾರ, ಕೊಲ್ಲಿಯಲ್ಲಿ ಪ್ರಾಮಾಣಿಕವಾಗಿ ದುಡಿಯುವವರು ಗುರಿಯಲ್ಲ ಎಂದು ಸ್ಪಷ್ಟನೆ ಕೊಟ್ಟಿತು. ಕಾಯ್ದೆಯಾಗುವ ಹೊತ್ತಿಗೆ 15 ಲಕ್ಷದ ಭಾರತೀಯ ಆದಾಯದ ಗಡಿ ಸೇರಿತು. ಹಾಗೆ ನಿವಾಸಿಯಾದವನಿಗೂ ‘ಸಾಮಾನ್ಯ ನಿವಾಸಿಯಲ್ಲ’ ಎಂಬ ಮಧ್ಯದ ಪಟ್ಟ ಸಿಗುತ್ತದೆ. ಭಾರತದಿಂದ ನಡೆಸುವ ವ್ಯಾಪಾರದ ಹಣ ಬಿಟ್ಟರೆ ವಿದೇಶಿ ಸಂಪಾದನೆಗೆ ಇಲ್ಲಿ ತೆರಿಗೆಯಿಲ್ಲ. ಬಾಣ ಬಿಟ್ಟದ್ದು ದೊಡ್ಡ ಸದ್ದಿನಿಂದ, ನಾಟಿದ್ದು ಕೆಲವೇ ಕೆಲವರಿಗೆ. ಬಹುಕಾಲದ ನಂತರ ಮರಳಿ ಬಂದವರಿಗೂ ಇದೇ ಮಧ್ಯದ ಪಟ್ಟ ಎರಡು ಮೂರು ವರ್ಷ ನೆರಳಾಗುತ್ತದೆ. ಅದು ಕಳೆದ ಮೇಲೆ ಹೊರಗಿನ ಖಾತೆ, ಷೇರುಗಳನ್ನು ಘೋಷಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷದ ದಂಡದ ಭಯ.

ನಂಟು ತೂಗುವವರು

ನಾಲ್ಕನೆಯ ಪಂಥ ಒಂದೇ ಗುರುತಿಗೆ ಅಂಟದೆ ಎಲ್ಲ ನಂಟುಗಳನ್ನೂ ತೂಗುತ್ತದೆ. 1923ರಲ್ಲಿ ರಾಷ್ಟ್ರಗಳ ಒಕ್ಕೂಟಕ್ಕೆ ಬ್ರೂಯಿನ್ಸ್, ಐನೌಡಿ, ಸೆಲಿಗ್ಮನ್, ಸ್ಟಾಂಪ್ ಎಂಬ ನಾಲ್ವರು ಅರ್ಥಶಾಸ್ತ್ರಜ್ಞರು ವರದಿ ಕೊಟ್ಟರು. ಮನುಷ್ಯನ ಆರ್ಥಿಕ ನಿಷ್ಠೆ ಹಂಚಿಹೋಗಿರುತ್ತದೆ, ತೆರಿಗೆಯೂ ಹಂಚಿಹೋಗಬೇಕು ಎಂಬುದು ಅವರ ತರ್ಕ. ಇಂದಿನ ಎರಡುಪಟ್ಟು ತೆರಿಗೆ ತಡೆ ಒಪ್ಪಂದಗಳು ಆ ಮರದ ಕೊಂಬೆಗಳು. ಎರಡೂ ದೇಶಗಳು ‘ಇವನು ನನ್ನ ನಿವಾಸಿ’ ಎಂದಾಗ 1989ರ ಅಮೆರಿಕ ಒಪ್ಪಂದ ಸಾಲಾಗಿ ಕೇಳುತ್ತದೆ: ಖಾಯಂ ಮನೆ ಎಲ್ಲಿದೆ, ಬದುಕಿನ ಬೇರು ಎಲ್ಲಿದೆ, ರೂಢಿಯ ವಾಸ ಎಲ್ಲಿ, ಯಾವ ದೇಶದ ಪ್ರಜೆ? 1982ರಲ್ಲಿ ಮುಂಬಾಗಿಲಿಂದ ಹೊರಹಾಕಿದ ಒಲೆಯ ಪ್ರಶ್ನೆ ಹಿತ್ತಿಲ ಬಾಗಿಲಿಂದ ಒಳಬಂದಂತೆ. ಅಮೆರಿಕದ ತೆರಿಗೆ ವರ್ಷ ಜನವರಿಗೆ, ನಮ್ಮದು ಏಪ್ರಿಲ್‌ಗೆ ಶುರುವಾಗುವುದರಿಂದ ಹೋದ ವರ್ಷ, ಬಂದ ವರ್ಷ ಎರಡರಲ್ಲೂ ಈ ತಕ್ಕಡಿ ಬೇಕಾಗುತ್ತದೆ.

ಅರಬ್ ಎಮಿರೇಟ್ಸ್‌ನ 1992ರ ಒಪ್ಪಂದದ ಸುತ್ತ ನಡೆದ ವಾದ ಇನ್ನೂ ಗಟ್ಟಿ. ತೆರಿಗೆಯೇ ಕಟ್ಟದವನಿಗೆ ಎರಡುಪಟ್ಟು ತೆರಿಗೆ ತಡೆಯ ಲಾಭ ಏಕೆ? ಮುಂಗಡ ತೀರ್ಪು ಪ್ರಾಧಿಕಾರ 1995ರಲ್ಲಿ ಕೊಡಬೇಕೆಂದಿತು, 1999ರಲ್ಲಿ ಕೂಡದೆಂದಿತು. ಆಜಾದಿ ಬಚಾವೋ ಆಂದೋಲನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ, ತೆರಿಗೆಗೆ ಒಳಪಡುವುದೇ ಬೇರೆ, ತೆರಿಗೆ ಕಟ್ಟುವುದೇ ಬೇರೆ ಎಂದಿತು. 2007ರ ತಿದ್ದುಪಡಿಯ ನಂತರ ಅಲ್ಲಿ 183 ದಿನ ಇದ್ದವನು ಒಪ್ಪಂದದ ಮಟ್ಟಿಗೆ ಅಲ್ಲಿನ ನಿವಾಸಿ. ಈ ಬಲದ ಮೇಲೆ ಕೊಚ್ಚಿಯ ನ್ಯಾಯಮಂಡಳಿ 2019ರಲ್ಲಿ, ಎಮಿರೇಟ್ಸ್ ನಿವಾಸಿಯೊಬ್ಬರ ಮ್ಯೂಚುವಲ್ ಫಂಡ್ ಲಾಭಕ್ಕೆ ಭಾರತದಲ್ಲಿ ತೆರಿಗೆಯಿಲ್ಲ ಎಂದಿತು. ಅಲ್ಲೂ ಇಲ್ಲ, ಇಲ್ಲೂ ಇಲ್ಲ! ಕಾನೂನಿನ ಪ್ರಕಾರ ಸರಿ. ನ್ಯಾಯ ಎನ್ನಲು ನನಗೆ ನಾಲಿಗೆ ಹೊರಳದು.

ವಿನಿಮಯ ಕಾನೂನಿನ ಬೇರೆಯೇ ದಿನ

ಇಷ್ಟೆಲ್ಲ ಎಣಿಸಿ ತೂಗಿದ ಮೇಲೂ ವಿದೇಶಿ ವಿನಿಮಯ ಕಾನೂನು, ಅಂದರೆ ಫೆಮಾ, ಉಳಿಯಿತು. 2000ದ ಜೂನ್ 1ರಿಂದ ಜಾರಿಯಲ್ಲಿರುವ ಈ ಕಾನೂನಿಗೆ ದಿನಕ್ಕಿಂತ ಉದ್ದೇಶ ದೊಡ್ಡದು. ಕೆಲಸಕ್ಕೆಂದು ಹೊರಟ ದಿನವೇ ಅವನು ಅನಿವಾಸಿ. ಉಳಿತಾಯ ಖಾತೆಯನ್ನು ಎನ್‌ಆರ್‌ಓ ಮಾಡಿಸಬೇಕು. ರಿಸರ್ವ್ ಬ್ಯಾಂಕ್ 2003ರಲ್ಲಿ ವಿದ್ಯಾರ್ಥಿಗಳನ್ನೂ ಹಾಗೆಯೇ ಪರಿಗಣಿಸಿತು. ಆಗಸ್ಟ್‌ನಲ್ಲಿ ಹೋದ ಆ ವಿದ್ಯಾರ್ಥಿ ಬ್ಯಾಂಕಿಗೆ ಅನಿವಾಸಿ, ತೆರಿಗೆಯವರಿಗೆ ಮಾರ್ಚ್ 31ರವರೆಗೆ ನಿವಾಸಿ.

ನೆಲದ ವಿಷಯದಲ್ಲಿ ಫೆಮಾ ಕಟುವಾಗಿದೆ. ಅನಿವಾಸಿ ಕೃಷಿಭೂಮಿ, ತೋಟ, ತೋಟದಮನೆ ಕೊಳ್ಳುವಂತಿಲ್ಲ; ವಾರಸಾದಲ್ಲಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಕರ್ನಾಟಕ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿ ಕೃಷಿಕರಲ್ಲದವರಿಗೂ ಹೊಲ ಕೊಳ್ಳಲು ಬಾಗಿಲು ತೆರೆದಾಗ ಹೊರದೇಶದಲ್ಲಿದ್ದ ಅನೇಕರು ತಮಗೂ ತೆರೆಯಿತೆಂದುಕೊಂಡರು. ರಾಜ್ಯ ತೆರೆದ ಬಾಗಿಲ ಹಿಂದೆ ಕೇಂದ್ರದ ಬೀಗ ಹಾಗೇ ಇತ್ತು. ಅಪ್ಪನಿಗೆ ಮುಖತ್ಯಾರ ಪತ್ರ ಕೊಟ್ಟು ಅನಿವಾಸಿ ಮಗನ ಹೆಸರಿಗೆ ಹೊಲ ಬರೆಸಿಕೊಂಡರೆ ನೋಂದಣಿ ಆದರೂ ಆಗಬಹುದು, ಫೆಮಾದ ಉಲ್ಲಂಘನೆ ತಪ್ಪದು.

ಇನ್ನೂ ಇತ್ಯರ್ಥವಾಗದ್ದು

2025ರ ಆಗಸ್ಟ್ 21ರಂದು ಅಂಕಿತ ಬಿದ್ದ ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿ ದಿನಾಂಕ 2026ರ ಏಪ್ರಿಲ್ 1. ಭಾಷೆ ಸರಳವಾಯಿತು, ‘ಹಿಂದಿನ ವರ್ಷ’ ಹೋಗಿ ‘ತೆರಿಗೆ ವರ್ಷ’ ಬಂತು. 182, 120, 60ರ ಅಂಕಿಗಳು ಕದಲಲಿಲ್ಲ. ಬಂದಿಳಿದ ದಿನ ಸೇರುತ್ತದೆಯೇ ಎಂಬುದಕ್ಕೆ ಅದರಲ್ಲೂ ಉತ್ತರವಿಲ್ಲ.

ಬೇರೆಲ್ಲೂ ‘ತೆರಿಗೆಗೆ ಒಳಪಡದವನು’ ಯಾರು ಎಂಬುದಕ್ಕೆ 2021ರಲ್ಲಿ ವ್ಯಾಖ್ಯೆ ಬಂದರೂ, ವೈಯಕ್ತಿಕ ಆದಾಯ ತೆರಿಗೆ ಕಾನೂನೇ ಇಲ್ಲದ ದೇಶದ ನಿವಾಸಿ ಅದರಡಿ ಎಲ್ಲಿ ನಿಲ್ಲುತ್ತಾನೆಂಬ ವಾದ ಮುಗಿದಿಲ್ಲ. ಓಮನ್ 42,000 ರಿಯಾಲ್ ಮೀರಿದ ಆದಾಯಕ್ಕೆ 2028ರಿಂದ 5 ಶೇಕಡಾ ತೆರಿಗೆ ಎಂದು ಕಾನೂನು ಮಾಡಿದೆ. ಆಗ ಮಸ್ಕತ್‌ನಲ್ಲಿ ಅದಕ್ಕಿಂತ ಕಡಿಮೆ ದುಡಿಯುವವನು ತೆರಿಗೆಗೆ ಒಳಪಟ್ಟವನೇ, ಅಲ್ಲವೇ?

ಅವಿಭಕ್ತ ಕುಟುಂಬದ ಪ್ರಶ್ನೆಯೂ ಹಾಗೇ ಇದೆ. ಹಿಡಿತ ಪೂರ್ತಿ ದೇಶದ ಹೊರಗಿದ್ದರೆ ಮಾತ್ರ ಕುಟುಂಬ ಅನಿವಾಸಿ. ಯಜಮಾನ ಹ್ಯೂಸ್ಟನ್‌ನಿಂದ ವಾಟ್ಸಾಪ್‌ನಲ್ಲಿ ಮಿಲ್ಲಿನ ದರ ಹೇಳುತ್ತಾನೆ, ಇಲ್ಲಿ ಕಾಕಾ ಚೆಕ್ಕಿಗೆ ಸಹಿ ಹಾಕುತ್ತಾನೆ, ಹಿಡಿತ ಎಲ್ಲಿದೆ?

ಎಲ್ಲಕ್ಕಿಂತ ಹತ್ತಿರದ್ದು ಜನಗಣತಿ. ನೆಲದ ತೆರಿಗೆಯ ವೃತ್ತಗಳು ಇಂದಿಗೂ 2011ರ ತಲೆ ಎಣಿಕೆಯ ಮೇಲೆ ನಿಂತಿವೆ. 2027ರ ಗಣತಿಯ ಅಂಕಿ ಪ್ರಕಟವಾಗಿ ಕೊಪ್ಪಳ ಲಕ್ಷ ದಾಟಿದ್ದು ಕಂಡರೆ 2 ಕಿಲೋಮೀಟರ್ ವೃತ್ತ 6 ಕಿಲೋಮೀಟರಿಗೆ ಹಿಗ್ಗುತ್ತದೆ. ನಗರಸಭೆಯ ಎಲ್ಲೆಯಿಂದ 4 ಕಿಲೋಮೀಟರ್ ಆಚೆ ಹೊಲ ಉಳಿಸಿಕೊಂಡು ಹೊರದೇಶದಲ್ಲಿರುವವನು ಈಗಲೇ ಮಾರಬೇಕೋ, ಕಾಯಬೇಕೋ? ಆ ಅಂಕಿ ಬರುವವರೆಗೆ ಯಾವ ಲೆಕ್ಕಪರಿಶೋಧಕನೂ ಖಚಿತವಾಗಿ ಹೇಳಲಾರ.